ತಂತಿಯ ಕೆಳಗೊಂದು ಕಾಯಿಲ್

ಬೇಸಿಗೆ ಬಂತೆಂದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳಲ್ಲಿ ಮೋಟಾರ್ ವೈಂಡಿಂಗ್ ಅಂಗಡಿಯವರಿಗೆ ಊಟಕ್ಕೂ ಪುರುಸೊತ್ತಿರುವುದಿಲ್ಲ. ತೆಂಗಿಗೆ ನೀರು ಬೇಕು, ನೀರಿಗೆ ಬೋರ್ ಬೇಕು. ವೋಲ್ಟೇಜ್ ಇಳಿದ ದಿನ ಬೋರಿನ ಮೋಟಾರು ಸುಟ್ಟು ಕೂರುತ್ತದೆ. "ಅಣ್ಣ, ಮೋಟ್ರು ಹೋಯ್ತು, ಸಂಜೆಗಾದ್ರೂ ಮಾಡ್ಕೊಡು" ಎಂದು ಬಾಗಿಲಲ್ಲಿ ಯಾರಾದರೊಬ್ಬರು ನಿಂತೇ ಇರುತ್ತಾರೆ.

ಮಕ್ಕಳೇ, ಮುಂದಿನ ಸಲ ಅಪ್ಪನ ಜೊತೆ ಅಲ್ಲಿಗೆ ಹೋದಾಗ ಹೊರಗೆ ಬೈಕಿನ ಮೇಲೆ ಕೂತಿರಬೇಡಿ, ಒಳಗೆ ಹೋಗಿ ನೋಡಿ. ಕಪ್ಪಗೆ ಸುಟ್ಟ ತಂತಿಯನ್ನು ಕಿತ್ತುಹಾಕಿ, ಹೊಸ ತಾಮ್ರದ ತಂತಿಯನ್ನು ಎಣಿಸಿ ಎಣಿಸಿ ಸುತ್ತುತ್ತಿರುತ್ತಾರೆ. ಹೆವಿ ಮೆಟಲ್ ಸಂಗೀತದ ಆ ಗಿಟಾರ್ ಗರ್ಜನೆ ಶುರುವಾಗುವುದೂ ಇಂಥದೇ ಒಂದು ತಾಮ್ರದ ಕಾಯಿಲ್‌ನಲ್ಲಿ. ಅದು ಗಿಟಾರಿನ ತಂತಿಗಳ ಕೆಳಗೆ ಕೂತಿರುತ್ತದೆ. ಅದಕ್ಕೆ ಪಿಕಪ್ ಎನ್ನುತ್ತಾರೆ.

ಹೆವಿ ಮೆಟಲ್ ನಮಗೆ ಪರದೇಶದ್ದೇನೂ ಅಲ್ಲ. ಬೆಂಗಳೂರಿನ 'ಕ್ರಿಪ್ಟೋಸ್' ತಂಡ 1998ರಿಂದ ಅದನ್ನೇ ನುಡಿಸುತ್ತಿದೆ. ಬೆಂಗಳೂರಿನ ಅರಮನೆ ಮೈದಾನದಲ್ಲಿ 2007ರಲ್ಲಿ 'ಐರನ್ ಮೇಡನ್' ತಂಡ ನುಡಿಸಿತು, 2011ರ ಅಕ್ಟೋಬರ್ 30ರಂದು 'ಮೆಟಾಲಿಕಾ' ನುಡಿಸಿತು. ನಿಮ್ಮ ಅಣ್ಣನೋ ಅಕ್ಕನೋ ಗಣೇಶನ ಹಬ್ಬದ ರಸಮಂಜರಿ ನೋಡಿ ಗಿಟಾರ್ ಹಿಡಿದು, ಆಮೇಲೆ ಮೆಟಲ್ ಹುಚ್ಚು ಹತ್ತಿಸಿಕೊಂಡಿದ್ದರೆ "ಹೈ ಔಟ್‌ಪುಟ್ ಪಿಕಪ್ ಬೇಕು" ಎಂದು ಮನೆಯಲ್ಲಿ ಪೀಡಿಸುವುದನ್ನು ಕೇಳಿರುತ್ತೀರಿ. ಅವರು ಕೇಳುತ್ತಿರುವುದು ಏನನ್ನು?

ಮೋಟಾರಿನ ಕಾಯಿಲ್‌ಗೆ ಕರೆಂಟ್ ಕೊಟ್ಟರೆ ಅದು ತಿರುಗುತ್ತದೆ. ಪಿಕಪ್ ಇದನ್ನೇ ತಿರುವುಮುರುವು ಮಾಡುತ್ತದೆ: ಅಲುಗಾಟ ಕೊಟ್ಟರೆ ಕರೆಂಟ್ ಕೊಡುತ್ತದೆ. ಕಾಯಿಲ್‌ನ ಹತ್ತಿರ ಅಯಸ್ಕಾಂತದ ಬಲ ಹೆಚ್ಚುಕಡಿಮೆಯಾದರೆ ಅದರಲ್ಲಿ ವಿದ್ಯುತ್ ಹುಟ್ಟುತ್ತದೆ ಎಂದು ಮೈಕೆಲ್ ಫ್ಯಾರಡೆ 1831ರಲ್ಲೇ ತೋರಿಸಿಕೊಟ್ಟಿದ್ದರು. ಅದಾಗಿ ನೂರು ವರ್ಷಕ್ಕೆ ಅಮೆರಿಕದ ಜಾರ್ಜ್ ಬೋಶಾಂ ಅದನ್ನು ಗಿಟಾರಿಗೆ ಹಚ್ಚಿದರು. 1932ರಲ್ಲಿ ಮಾರಾಟಕ್ಕೆ ಬಂದ ಆ ಗಿಟಾರ್ ಬಾಣಲೆಯ ಆಕಾರದಲ್ಲಿತ್ತು. ಜನ ಅದನ್ನು 'ಬಾಣಲೆ' ಎಂದೇ ಕರೆದರು.

ಪಿಕಪ್ಪಿನೊಳಗೆ ಒಂದು ಅಯಸ್ಕಾಂತ, ಅದರ ಸುತ್ತ ಸಾವಿರಾರು ಸುತ್ತು ತಂತಿ, ಅಷ್ಟೆ. ಮೇಲಿರುವ ಉಕ್ಕಿನ ತಂತಿಗೂ ಅಯಸ್ಕಾಂತದ ಗುಣ ಸ್ವಲ್ಪ ಅಂಟುತ್ತದೆ. ಗಿಟಾರಿನ ಅತಿ ದಪ್ಪ ತಂತಿಯನ್ನು ಮೀಟಿದರೆ ಅದು ಸೆಕೆಂಡಿಗೆ ಸುಮಾರು 82 ಸಲ ಹೋಗಿ ಬರುತ್ತದೆ. ಕಾಯಿಲ್‌ನಲ್ಲಿ ವಿದ್ಯುತ್ತೂ ಅಷ್ಟೇ ಸಲ ಹಿಂದೆ ಮುಂದೆ ಓಡುತ್ತದೆ. ಪಿಕಪ್‌ಗೆ ಕಿವಿಯಿಲ್ಲ, ಅದು ಉಕ್ಕಿನ ಅಲುಗಾಟವನ್ನು ಮಾತ್ರ ಬಲ್ಲದು. ನೈಲಾನ್ ತಂತಿ ಹಾಕಿ ನೋಡಿ, ತೆಪ್ಪಗಿರುತ್ತದೆ. ಹಿತ್ತಾಳೆ ತಂತಿಗೂ ಅದೇ ಗತಿ. ಊರಿನಲ್ಲಿ ತತ್ವಪದ ಹಾಡುವವರು ಏಕತಾರಿ ತಂದಾಗ, ಅವರನ್ನು ಕೇಳಿಕೊಂಡು ತಂತಿಗೊಂದು ಸಣ್ಣ ಅಯಸ್ಕಾಂತ ಹಿಡಿಯಿರಿ. ಅಂಟಿತೆಂದರೆ ಪಿಕಪ್ ಅದನ್ನು ಗುರುತಿಸುತ್ತದೆ.

ಹೀಗೆ ಹುಟ್ಟುವ ವಿದ್ಯುತ್ ಅಲ್ಪ. ಸಾಧಾರಣ ಪಿಕಪ್ ಕೊಡುವುದು ಒಂದು ವೋಲ್ಟಿನ ಹತ್ತನೆಯ ಒಂದು ಭಾಗದ ಆಸುಪಾಸು. ಟಾರ್ಚಿನ ಸೆಲ್ಲೇ ಒಂದೂವರೆ ವೋಲ್ಟ್ ಕೊಡುತ್ತದಲ್ಲ. ಪಿಕಪ್ಪಿನ ಈ ಅಲ್ಪ ವಿದ್ಯುತ್ತನ್ನು ಆಂಪ್ಲಿಫೈಯರ್ ಹಿಗ್ಗಿಸಬೇಕು. ಎಷ್ಟೆಂದರೂ ಆಂಪ್ಲಿಫೈಯರಿಗೂ ಒಂದು ಮಿತಿ ಇದೆ. ಅದಕ್ಕಿಂತ ದೊಡ್ಡ ಅಲೆ ಬಂದರೆ, ಮಚ್ಚಿನಿಂದ ಎಳನೀರಿನ ತಲೆ ಕೊಚ್ಚಿದಂತೆ ಅಲೆಯ ತುದಿ ಚಪ್ಪಟೆಯಾಗಿ ಹಾರಿಹೋಗುತ್ತದೆ. ತುದಿ ಹೋದ ಅಲೆಯಲ್ಲಿ ಮೊದಲಿಲ್ಲದ ಎತ್ತರದ ಸ್ವರಗಳು ಹುಟ್ಟಿಕೊಳ್ಳುತ್ತವೆ. ನಾವು ಕೇಳುವ ಗರಗರ ಅದೇ. ಮೈಕ್ ಸೆಟ್ಟಿನವರು ಇದನ್ನು ತಪ್ಪೆಂದು ಬೈಯುತ್ತಾರೆ, ಮೆಟಲ್ಲಿನವರು ದುಡ್ಡು ಕೊಟ್ಟು ಕೊಳ್ಳುತ್ತಾರೆ! ಹೈ ಔಟ್‌ಪುಟ್ ಪಿಕಪ್ ಆಂಪ್ಲಿಫೈಯರನ್ನು ಈ ಮಿತಿಗೆ ಬೇಗ ನೂಕುತ್ತದೆ.

ಔಟ್‌ಪುಟ್ ಹೆಚ್ಚಿಸುವ ಒಂದು ದಾರಿ ಸುತ್ತು ಹೆಚ್ಚಿಸುವುದು. ಆದರೆ ಪಿಕಪ್ಪಿನೊಳಗೆ ಜಾಗ ಎಲ್ಲಿದೆ? ಅದಕ್ಕೇ ಕಾಯಿಲ್‌ನ ತಾಮ್ರದ ತಂತಿಯನ್ನು ತೆಳು ಮಾಡುತ್ತಾರೆ. ಹಳೆಯ ಪಿಕಪ್ಪುಗಳಲ್ಲಿ ಸಾಮಾನ್ಯವಾಗಿದ್ದದ್ದು 42 ಗೇಜಿನ ತಂತಿ, ಸುಮಾರು 0.06 ಮಿಲಿಮೀಟರ್, ಕೂದಲೆಳೆಯಷ್ಟು. 44 ಗೇಜ್ ಇನ್ನೂ ತೆಳು. (ಇದು ಅಮೆರಿಕದ ಗೇಜ್, ನಮ್ಮ ವೈಂಡಿಂಗ್ ಅಂಗಡಿಯದು ಬೇರೆ ಲೆಕ್ಕ. ಎರಡರಲ್ಲೂ ಅಂಕಿ ಏರಿದಂತೆ ತಂತಿ ತೆಳುವಾಗುತ್ತದೆ.)

ಅಂಗಡಿಯವರು ಪಿಕಪ್ಪಿನ ಡಬ್ಬಿ ತೋರಿಸಿ "ಇದು 8 ಕಿಲೋ ಓಂ, ಇದು 16 ಕಿಲೋ ಓಂ, ಇದಕ್ಕೆ ಡಬಲ್ ಪವರ್" ಎಂದರೆ ನಂಬಬೇಡಿ. ಪೆನ್ಸಿಲ್ ತೆಗೆದುಕೊಳ್ಳಿ. 42 ಗೇಜಿನ ತಂತಿಗೆ ಮೀಟರಿಗೆ ಸುಮಾರು ಐದೂವರೆ ಓಂ. ಹಾಗಾದರೆ 8,000 ಓಂ ಎಂದರೆ ಸುಮಾರು 1,450 ಮೀಟರ್ ತಂತಿ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಡಬ್ಬಿಯಲ್ಲಿ ಒಂದೂವರೆ ಕಿಲೋಮೀಟರ್! 44 ಗೇಜಿಗೆ ಮೀಟರಿಗೆ ಸುಮಾರು 8.7 ಓಂ. 16,000 ಓಂ ಎಂದರೆ ಸುಮಾರು 1,840 ಮೀಟರ್. ಓಂ ಎರಡು ಪಟ್ಟಾಯಿತು, ತಂತಿಯ ಉದ್ದ ಹೆಚ್ಚಿದ್ದು ಕಾಲು ಭಾಗಕ್ಕಿಂತ ತುಸು ಜಾಸ್ತಿ, ಅಷ್ಟೆ. ಓಂ ಹೇಳುವುದು ಕರೆಂಟಿಗೆ ತಂತಿ ಒಡ್ಡುವ ತಡೆಯನ್ನು, ಶಬ್ದದ ಬಲವನ್ನಲ್ಲ.

ಸುತ್ತು ಹೆಚ್ಚಿದ್ದಕ್ಕೆ ಬೆಲೆಯೂ ತೆರಬೇಕು. ಕಾಯಿಲ್ ದೊಡ್ಡದಾದಷ್ಟೂ ಬೇಗ ಬೇಗ ಬದಲಾಗುವ ವಿದ್ಯುತ್ತಿಗೆ, ಅಂದರೆ ಎತ್ತರದ ಸ್ವರಗಳಿಗೆ, ಅಡ್ಡ ನಿಲ್ಲುತ್ತದೆ. ಶಬ್ದ ದಪ್ಪವಾಗುತ್ತದೆ, ಹೊಳಪು ಕುಂದುತ್ತದೆ. ಮೆಟಲ್ ನುಡಿಸುವವರು ತಂತಿಯ ಶ್ರುತಿಯನ್ನೇ ಕೆಳಗಿಳಿಸಿಕೊಂಡಿರುತ್ತಾರೆ. ಅದರ ಮೇಲೆ ಹೊಳಪೂ ಹೋದರೆ ಬಿರುಸಿನ ಮೀಟುಗಳೆಲ್ಲ ಒಂದರೊಳಗೊಂದು ಕಲಸಿ ರಾಡಿಯಾಗುತ್ತವೆ. ನನ್ನನ್ನು ಕೇಳಿದರೆ, ಅತಿ ಹೆಚ್ಚು ಸುತ್ತಿನದಕ್ಕಿಂತ ಒಂದು ಮೆಟ್ಟಿಲು ಕೆಳಗಿನದೇ ವಾಸಿ.

ಇನ್ನೊಂದು ದಾರಿ ಅಯಸ್ಕಾಂತವನ್ನೇ ಬಲಪಡಿಸುವುದು. ಹಳೆಯ ಪಿಕಪ್ಪುಗಳಲ್ಲಿ ಅಲ್ಯುಮಿನಿಯಂ, ನಿಕಲ್, ಕೋಬಾಲ್ಟ್, ಕಬ್ಬಿಣ ಬೆರೆಸಿದ ಅಲ್ನಿಕೊ ಅಯಸ್ಕಾಂತ ಇರುತ್ತದೆ. ಮೆಟಲ್ ಪಿಕಪ್ಪುಗಳಲ್ಲಿ ಹೆಚ್ಚಾಗಿ ಸೆರಾಮಿಕ್ ಅಯಸ್ಕಾಂತ. ಇದಕ್ಕೆ ಬೇಕಾದ ಮುಖ್ಯ ಸಾಮಗ್ರಿ ಕಬ್ಬಿಣದ ಆಕ್ಸೈಡ್. ಚಿಕ್ಕನಾಯಕನಹಳ್ಳಿ ಗುಡ್ಡಗಳ ಕೆಂಪು ಅದಿರಿನಲ್ಲಿರುವುದೂ ಕಬ್ಬಿಣದ ಆಕ್ಸೈಡೇ. ಆಕ್ಸೈಡಿನ ಪುಡಿಗೆ ಬೇರಿಯಂ ಇಲ್ಲವೇ ಸ್ಟ್ರಾನ್ಶಿಯಂ ಸಂಯುಕ್ತ ಸೇರಿಸಿ, ಒತ್ತಿ, ಸುಟ್ಟು ಈ ಅಯಸ್ಕಾಂತ ಮಾಡುತ್ತಾರೆ. 1972ರಲ್ಲಿ ಲ್ಯಾರಿ ಡಿಮಾರ್ಜಿಯೊ ತಯಾರಿಸಿದ 'ಸೂಪರ್ ಡಿಸ್ಟಾರ್ಶನ್' ಪಿಕಪ್ಪಿನಲ್ಲಿದ್ದದ್ದು ಈ ಸೆರಾಮಿಕ್ಕೇ. ಹೈ ಔಟ್‌ಪುಟ್ ಪಿಕಪ್ಪುಗಳ ಹುಚ್ಚಿಗೆ ಕಿಡಿ ಹೊತ್ತಿಸಿದ್ದು ಅದು.

ಇನ್ನು ಗುಂಯ್ ಶಬ್ದದ ಕಾಟ. ನಮ್ಮ ಕರೆಂಟ್ ಸೆಕೆಂಡಿಗೆ 50 ಸಲ ಹೋಗಿ ಬರುತ್ತದೆ. ಹತ್ತಿರ ಟ್ರಾನ್ಸ್‌ಫಾರ್ಮರೋ ಟ್ಯೂಬ್‌ಲೈಟಿನ ಚೋಕೋ ಇದ್ದರೆ ಅದರ ಅಯಸ್ಕಾಂತ ಬಲವೂ ಕಾಯಿಲ್‌ನೊಳಗೆ ನುಗ್ಗುತ್ತದೆ. ಮೆಟಲ್ಲಿನ ಆಂಪ್ಲಿಫೈಯರ್ ಎಲ್ಲವನ್ನೂ ಸಿಕ್ಕಾಪಟ್ಟೆ ಹಿಗ್ಗಿಸುವುದರಿಂದ ಗುಂಯ್ ಕೂಡ ರಾಕ್ಷಸನಾಗುತ್ತದೆ. ಗಿಬ್ಸನ್ ಕಂಪನಿಯ ಸೇತ್ ಲವರ್ 1955ರಲ್ಲಿ ಇದಕ್ಕೊಂದು ಉಪಾಯ ಹೂಡಿದರು. ಎರಡು ಕಾಯಿಲ್ ಪಕ್ಕಪಕ್ಕ ಇಟ್ಟು, ಎರಡನೆಯದರ ಸುತ್ತನ್ನು ಉಲ್ಟಾ ಮಾಡಿದರು, ಅಯಸ್ಕಾಂತದ ತುದಿಯನ್ನೂ ಉಲ್ಟಾ ಮಾಡಿದರು. ಹೊರಗಿನ ಗುಂಯ್‌ಗೆ ಅಯಸ್ಕಾಂತದ ಗೊಡವೆಯಿಲ್ಲ. ಅದು ಎರಡು ಕಾಯಿಲ್‌ಗಳಲ್ಲಿ ಎದುರುಬದುರಾಗಿ ಹುಟ್ಟಿ ಪರಸ್ಪರ ಅಳಿಸಿಹೋಗುತ್ತದೆ. ತಂತಿಯ ನಾದ ಮಾತ್ರ ಎರಡು ಸಲ ಉಲ್ಟಾ ಆಗಿ ನೆಟ್ಟಗಾಗುತ್ತದೆ, ಎರಡೂ ಕೂಡಿ ಬಲವಾಗುತ್ತದೆ. ಹಂಬಕರ್ ಎಂಬ ಈ ಜೋಡಿ ಪಿಕಪ್ ಇಲ್ಲದ ಮೆಟಲ್ ಗಿಟಾರ್ ಸಿಗುವುದು ಅಪರೂಪ. ಒಳಗಿನ ಸುತ್ತುಗಳು ಅದುರಿ ಕೀರಲು ಶಬ್ದ ಬರದಂತೆ ಕಾಯಿಲ್‌ಗೆ ಮೇಣ ಕುಡಿಸುತ್ತಾರೆ. ವೈಂಡಿಂಗ್ ಅಂಗಡಿಯಲ್ಲಿ ಆ ಕೆಲಸಕ್ಕೆ ವಾರ್ನಿಶ್ ಇದೆ.

ಮೆಟಾಲಿಕಾದವರ ಗಿಟಾರುಗಳಲ್ಲಿ ಬಹುಕಾಲದಿಂದ ಕಾಣುವ ಇಎಂಜಿ ಪಿಕಪ್ಪುಗಳು ಇಷ್ಟು ಹೊತ್ತಿನ ನಮ್ಮ ಲೆಕ್ಕವನ್ನೇ ಬುಡಮೇಲು ಮಾಡುತ್ತವೆ. ಅವುಗಳಲ್ಲಿ ಸುತ್ತು ಕಡಿಮೆ! ಪಿಕಪ್ಪಿನೊಳಗೇ ಪುಟ್ಟ ಆಂಪ್ಲಿಫೈಯರ್ ಒಂದಿದ್ದು, ಅದಕ್ಕೆ 9 ವೋಲ್ಟಿನ ಬ್ಯಾಟರಿ ಬೇಕು. ಸುತ್ತು ಕಡಿಮೆಯಾದ್ದರಿಂದ ಹೊಳಪು ಉಳಿಯುತ್ತದೆ, ಬಲವನ್ನು ಬ್ಯಾಟರಿ ಕೊಡುತ್ತದೆ. ನುಡಿಸಿ ಮುಗಿದ ಮೇಲೆ ಗಿಟಾರಿನಿಂದ ವೈರ್ ಕೀಳುವುದನ್ನು ಮರೆತರೆ ಬ್ಯಾಟರಿ ಖಾಲಿಯಾಗುತ್ತ ಹೋಗುತ್ತದೆ.

ಅಣ್ಣ ದುಡ್ಡು ಕೂಡಿಸುವ ಮೊದಲು ಅವನ ಕೈಗೊಂದು ಸ್ಕ್ರೂಡ್ರೈವರ್ ಕೊಡಿ. ಪಿಕಪ್ಪಿನ ಎರಡೂ ತುದಿಯಲ್ಲಿ ಸ್ಕ್ರೂ ಇರುತ್ತದೆ. ತಂತಿಯನ್ನು ಗಿಟಾರಿನ ಕತ್ತಿನ ಕೊನೆಯ ಅಡ್ಡಪಟ್ಟಿಯಲ್ಲಿ (ಫ್ರೆಟ್) ಒತ್ತಿ ಹಿಡಿದು, ಪಿಕಪ್ಪಿಗೂ ತಂತಿಗೂ ಎರಡು ಮೂರು ಮಿಲಿಮೀಟರ್ ಸಂದು ಉಳಿಯುವಷ್ಟು ಮೇಲೆತ್ತಿದರೆ ಇದ್ದ ಪಿಕಪ್ಪೇ ಜೋರಾಗುತ್ತದೆ. ಇನ್ನೂ ಹತ್ತಿರ ತಂದರೆ ಅಯಸ್ಕಾಂತ ತಂತಿಯನ್ನು ಎಳೆದು ಶ್ರುತಿ ಕೆಡಿಸುತ್ತದೆ. ಆಗ ಅರ್ಧ ಸುತ್ತು ಹಿಂದಕ್ಕೆ ತಿರುಗಿಸಲು ಹೇಳಿ.