ಪಾತಾಳಗರಡಿ ಮತ್ತು ಊರ ಬಾವಿ



ಬಸವಕಲ್ಯಾಣ ಮತ್ತು ಹುಮನಾಬಾದಗಳ ನಡುವಿನ ರಾಜೇಶ್ವರದಂತಹ ಊರುಗಳಲ್ಲಿ ಹಿಂದೆ ಸೇದುವ ಬಾವಿಗೆ ಕೊಡ ಬಿದ್ದರೆ ಅದು ಓಣಿಗೆಲ್ಲ ಸುದ್ದಿ. ಯಾರದೋ ಮನೆಯಿಂದ ಪಾತಾಳಗರಡಿ ಬರುತ್ತಿತ್ತು. ಒಬ್ಬರು ಹಗ್ಗ ಇಳಿಸಿದರೆ ಹತ್ತು ಜನ ಸಲಹೆ ನೀಡುತ್ತಿದ್ದರು. ಕೊಡದ ಜೊತೆಗೆ ಎಂದೋ ಬಿದ್ದ ಚೊಂಬೂ ಮೇಲೆ ಬರುತ್ತಿತ್ತು. ನೀರು ಎಷ್ಟು ಕೆಳಗಿಳಿದಿದೆ ಎಂಬುದು ಹಗ್ಗದ ಉದ್ದದಿಂದಲೇ ಎಲ್ಲರಿಗೂ ತಿಳಿಯುತ್ತಿತ್ತು.

ಇಂದು ಕೊಳವೆಬಾವಿಯ ಮೋಟಾರು ಸುಟ್ಟರೆ ಅದು ಒಬ್ಬನ ನಷ್ಟ. ನೀರಿನ ಆಳ ಯಾರಿಗೂ ಕಾಣದು. ಚುನಾವಣೆಯಲ್ಲಿ ಹೊಸ ಕೊಳವೆಬಾವಿಯ ಭರವಸೆ ಸುಲಭ. ಹಳೆಯ ಬಾವಿಯ ಹೂಳೆತ್ತುವ ಮಾತಿಗೆ ಚಪ್ಪಾಳೆ ಬೀಳದು. ಅಂತರ್ಜಲ ನಿಯಂತ್ರಣಕ್ಕೆ ರಾಜ್ಯದಲ್ಲಿ 2011ರ ಕಾಯ್ದೆಯಿದೆ. ಆದರೆ ಕಾಯ್ದೆಗಿಂತ ಮೊದಲು ಕಣ್ಣಿಗೆ ಕಾಣುವ ನೀರು ಬೇಕು.

ಬೀದರದ ನೌಬಾದಿನಲ್ಲಿ 15ನೆಯ ಶತಮಾನದ, ಬಹಮನಿ ಕಾಲದ ಕರೇಜ್ ಇದೆ. ಜಂಬಿಟ್ಟಿಗೆಯಲ್ಲಿ ಇಂಗಿದ ಮಳೆನೀರು ಅಡಿಯ ಕಪ್ಪುಶಿಲೆಯನ್ನು ಮುಟ್ಟಿ ಸರಿಯುವ ಜಾಡು ಹಿಡಿದು ಅಂದಿನವರು ಸುರಂಗ ತೋಡಿದರು. ಕಾಸರಗೋಡು, ದಕ್ಷಿಣ ಕನ್ನಡದ ಗುಡ್ಡಗಳ ಸುರಂಗಗಳೂ ಜಂಬಿಟ್ಟಿಗೆಯನ್ನೇ ನಂಬಿವೆ. ಅವು ಒಸರಿದಷ್ಟನ್ನು ಕೊಡುತ್ತವೆ; ಕೊಳವೆಬಾವಿ ಇದ್ದಷ್ಟನ್ನೂ ಎಳೆಯುತ್ತದೆ.

ಹಿಂದಿನದೆಲ್ಲ ಚೆನ್ನಾಗಿತ್ತೆಂದಲ್ಲ. ಬಾವಿಯ ಕಟ್ಟೆಗೆ ಜಾತಿಯ ಬೇಲಿಯೂ ಇತ್ತು. 12ನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಪ್ರಶ್ನಿಸಿದ್ದು ಅಂತಹ ಭೇದವನ್ನೇ. ಬೇಲಿ ಬೇಡ, ಬಾವಿ ಬೇಕು.

ಹಳ್ಳಿಯ ವಿದ್ಯಾರ್ಥಿಗಳು ಮಳೆಗಾಲದ ಮುಂಚೆ ಒಮ್ಮೆ, ಅನಂತರ ಒಮ್ಮೆ ಊರ ಬಾವಿಗೆ ಹಗ್ಗ ಇಳಿಸಿ ಅಳೆಯಲಿ. ಆ ಲೆಕ್ಕವನ್ನು ಗ್ರಾಮಸಭೆಯ ಮುಂದಿಡಲಿ. ಮತ ಕೇಳಲು ಬರುವವರು ಮೊದಲು ಅದಕ್ಕೆ ಉತ್ತರಿಸಲಿ.