ದೀವದ ಹಕ್ಕಿ ಷೋಕೇಸಿಗೆ ಬಂದದ್ದು

ಪಕ್ಷಿಪ್ರಿಯರ ಮನೆಯ ಷೋಕೇಸಿನಲ್ಲಿ ಮರದ ಬಾತುಕೋಳಿಯೊಂದು ಕತ್ತು ಹೊರಳಿಸಿ, ಕೊಕ್ಕನ್ನು ಬೆನ್ನಿನ ಗರಿಗಳಲ್ಲಿ ಹುದುಗಿಸಿಕೊಂಡು ಕುಳಿತಿರುತ್ತದೆ. ನೋಡಿದವರಿಗೆ ಏನೋ ನೆಮ್ಮದಿ. ಆದರೆ ಅಮೆರಿಕದ ಪೂರ್ವ ಕರಾವಳಿಯಲ್ಲಿ ಈ ಕೆತ್ತನೆ ಬೆಳೆದದ್ದು ಮನೆಯ ಅಲಂಕಾರಕ್ಕಾಗಿ ಅಲ್ಲ, ಹಕ್ಕಿಗಳನ್ನು ಕೊಲ್ಲುವುದಕ್ಕಾಗಿ. ಆ ನೆಮ್ಮದಿಯ ಭಂಗಿಯೇ ಅಂದು ಬೇಟೆಗಾರನ ಹೂಟವಾಗಿತ್ತು.

ಬೇಟೆಯಲ್ಲಿ ತನ್ನಂಥವನ್ನೇ ಸೆಳೆಯಲು ಒಡ್ಡುವ ಪ್ರಾಣಿಗೆ ಕನ್ನಡದಲ್ಲಿ ‘ದೀವ’ ಎಂಬ ಹಳೆಯ ಮಾತಿದೆ. ಅಮೆರಿಕದ ಮೂಲನಿವಾಸಿಗಳೂ ಈ ಉಪಾಯ ಬಲ್ಲವರು. ನೆವಾಡಾ ರಾಜ್ಯದ ಲವ್‌ಲಾಕ್ ಗುಹೆಯಲ್ಲಿ 1924ರಲ್ಲಿ ಜೊಂಡಿನಿಂದ ಮಾಡಿದ ದೀವದ ಬಾತುಗಳು ದೊರೆತವು. ಅವು ಸುಮಾರು ಎರಡು ಸಾವಿರ ವರ್ಷ ಹಳೆಯವು. ಮುಂದೆ ಐರೋಪ್ಯ ವಲಸಿಗರು ಅಂಥ ಬಾತುಗಳನ್ನು ಸೀಡರ್, ಪೈನ್ ಮರಗಳಲ್ಲಿ ಕೆತ್ತತೊಡಗಿದರು. ಕೈಗೊಡಲಿಯಿಂದ ಮೈಯ ಆಕಾರ ತೆಗೆದು, ಚಾಕುವಿನಿಂದ ತಲೆ ಕೆತ್ತಿ, ಬಣ್ಣ ಬಳಿಯುತ್ತಿದ್ದರು. ನೀರಿನಲ್ಲಿ ಮಗುಚಿಕೊಳ್ಳದಂತೆ ಕೆಳಗೆ ಸೀಸದ ತುಂಡು ಕೂಡಿಸುತ್ತಿದ್ದರು.

ಆಕಾಶದಲ್ಲಿ ಹಾರುವ ಹಿಂಡು ಕೆಳಗೆ ನೋಡುತ್ತದೆ. ತನ್ನವರು ಅಲ್ಲಿ ಗರಿ ತಿದ್ದಿಕೊಳ್ಳುತ್ತಿದ್ದರೆ, ನಿದ್ರಿಸುತ್ತಿದ್ದರೆ ಅಪಾಯವಿಲ್ಲವೆಂದೇ ಅರ್ಥ. ನಂಬಿ ಇಳಿದಾಗ ಮರೆಯಿಂದ ಬಂದೂಕು ಸಿಡಿಯುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲುದಾರಿ ಹಬ್ಬಿದ ಮೇಲೆ ಇಂಥ ಹಕ್ಕಿಗಳು ಪೀಪಾಯಿಗಳಲ್ಲಿ ತುಂಬಿ ನಗರದ ಹೋಟೆಲುಗಳಿಗೆ ಹೋದವು. ಆ ಕಾಲದಲ್ಲಿ ಅತಿಯಾದ ಬೇಟೆಗೆ ಸಿಕ್ಕ ಎಸ್ಕಿಮೋ ಕರ್ಲ್ಯೂ ಎಂಬ ಉದ್ದಕೊಕ್ಕಿನ ಹಕ್ಕಿ 1963ರ ನಂತರ ಎಲ್ಲಿಯೂ ಖಚಿತವಾಗಿ ಕಂಡುಬಂದಿಲ್ಲ.

ಕೊನೆಗೆ 1918ರ ವಲಸೆಹಕ್ಕಿ ಒಪ್ಪಂದ ಕಾಯಿದೆ ಮಾರಾಟಕ್ಕಾಗಿ ನಡೆಯುತ್ತಿದ್ದ ಬೇಟೆಯನ್ನು ತಡೆಯಿತು. ಹವ್ಯಾಸದ ಬೇಟೆ ಕಟ್ಟುಪಾಡುಗಳೊಳಗೆ ಉಳಿಯಿತು; ಆದರೆ ದೀವದ ಹಕ್ಕಿಗಳಿಗಿದ್ದ ಬೇಡಿಕೆ ಕುಗ್ಗಿತು. ಹಾಗಾದರೆ ಕೆತ್ತುವವರ ಗತಿಯೇನು?

ಮ್ಯಾಸಚೂಸೆಟ್ಸ್ ರಾಜ್ಯದ ಈಸ್ಟ್ ಹಾರ್ವಿಚ್‌ನ ಎಲ್ಮರ್ ಕ್ರೊವೆಲ್ (1862–1952) ಇದಕ್ಕೆ ಉತ್ತರ ಕಂಡುಕೊಂಡರು. ಬೇಟೆಗಾಗಿ ಕೆತ್ತುತ್ತಿದ್ದ ಕೈ ಮನೆಗಳಲ್ಲಿ ಇಡುವ ಪುಟ್ಟ ಹಕ್ಕಿಗಳನ್ನು ಕೆತ್ತತೊಡಗಿತು. 1934ರಲ್ಲಿ ವಾಸ್ತುಶಿಲ್ಪಿ ಜೋಯೆಲ್ ಬಾರ್ಬರ್ ದೀವದ ಹಕ್ಕಿಗಳ ಬಗ್ಗೆಯೇ ಒಂದು ಗ್ರಂಥ ಬರೆದು, ದೋಣಿಮನೆಗಳ ಮೂಲೆಯಲ್ಲಿ ಬಿದ್ದಿದ್ದ ಈ ಸರಕನ್ನು ಕಲೆಯೆಂದು ತೋರಿಸಿದರು. ಕ್ರೊವೆಲ್ ಕೆತ್ತಿದ ಎರಡು ಹಕ್ಕಿಗಳು, ಗರಿ ತಿದ್ದಿಕೊಳ್ಳುವ ಬಾತು ಮತ್ತು ನಿದ್ರಿಸುವ ಹೆಬ್ಬಾತು, 2007ರಲ್ಲಿ ತಲಾ ಹನ್ನೊಂದು ಲಕ್ಷಕ್ಕೂ ಹೆಚ್ಚು ಡಾಲರಿಗೆ ಮಾರಾಟವಾದವು.

ಹಕ್ಕಿಯನ್ನು ಮೋಸಗೊಳಿಸಬೇಕಾದರೆ ಅದರ ಕತ್ತಿನ ಬಾಗು, ರೆಕ್ಕೆಯ ಬಣ್ಣ, ಕೂರುವ ರೀತಿ ಎಲ್ಲವನ್ನೂ ಬಲ್ಲವನಾಗಿರಬೇಕು. ಕೊಂದವನ ಆ ತಿಳಿವಳಿಕೆಯೇ ಇಂದು ಪ್ರಿಯರ ಮನೆಯನ್ನು ಅಲಂಕರಿಸಿದೆ. ಆದರೆ ತಿಳಿವಳಿಕೆಯಾಗಲಿ ಮೆಚ್ಚುಗೆಯಾಗಲಿ ತಾನಾಗಿ ಹಕ್ಕಿಯನ್ನು ಕಾಯಲಿಲ್ಲ. ಅದಕ್ಕೆ ಕಾಯಿದೆ ಬೇಕಾಯಿತು. ಷೋಕೇಸಿನ ಬಾತಿನ ಧೂಳು ಒರೆಸುವವರು ಊರಿನ ಕೆರೆಯ ಕಡೆಗೂ ಒಮ್ಮೆ ಹೋಗಿ ಬರಬೇಕು. ಅಲ್ಲಿ ಇಳಿಯುವ ಹಕ್ಕಿಗೂ ನೀರು, ಜೊಂಡು ಉಳಿದಿರಬೇಕು.