ಅವರು ಓಟು ಎಣಿಸುತ್ತಾರೆ, ನೀವು ವರ್ಷ ಎಣಿಸಿ!

(ಜಮಖಂಡಿಯಲ್ಲಿ ಯುವಕರೆದುರು ಆಡಿದ ಮಾತುಗಳ ಅಕ್ಷರ ರೂಪ)

ಕನ್ನಡದ ತರುಣ ತರುಣಿಯರೇ,

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ... ಯಾವ ಊರಿನ ಚಹಾ ಅಂಗಡಿಗೆ ಹೋದರೂ ನಿಮ್ಮ ಮಾತು ಒಂದೇ: "ರಾಜಕಾರಣಿಗಳೆಲ್ಲ ಕಳ್ಳರು, ಬಿಡ್ರಿ!" ಹಾಗೆಂದು ಬೈದು, ಚಹಾ ಕುಡಿದು ಎದ್ದು ಹೋಗುತ್ತೀರಿ. ಇದರಿಂದ ಯಾರಿಗೆ ಲಾಭ? ಅವರಿಗೇ! ಬೈಗುಳಕ್ಕೆ ಅವರು ಅಂಜುವುದಿಲ್ಲ. ಅವರು ಅಂಜುವುದು ಲೆಕ್ಕಕ್ಕೆ. ಆ ಲೆಕ್ಕವನ್ನೇ ಇಂದು ನಿಮ್ಮ ಮುಂದೆ ಬಿಚ್ಚಿಡುತ್ತೇನೆ.

ಮೊದಲು ನಮ್ಮ ಹೊಳೆಯ ಕಥೆ. ಕೃಷ್ಣೆ ನಮ್ಮ ಮಗ್ಗುಲಲ್ಲೇ ಹರಿಯುತ್ತಾಳೆ. ಆದರೂ ಬೇಸಿಗೆ ಬಂತೆಂದರೆ ದಂಡೆಯ ಹೊಲಕ್ಕೂ ನೀರಿನ ಬರ. ಸರ್ಕಾರದ ದಾರಿ ಕಾದು ಸಾಕಾದ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಾವೇ ವಂತಿಗೆ ಹಾಕಿ, ತಾವೇ ಮೈಮುರಿದು ದುಡಿದು, 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜು ಕಟ್ಟಿದರು. ಅದಕ್ಕಿಟ್ಟ ಹೆಸರು ಶ್ರಮಬಿಂದು ಸಾಗರ. ಎರಡೇ ವರ್ಷಕ್ಕೆ, 1991ರ ಲೋಕಸಭಾ ಚುನಾವಣೆಯಲ್ಲಿ, ಬಾಗಲಕೋಟೆ ಕ್ಷೇತ್ರದಲ್ಲಿ ನ್ಯಾಮಗೌಡರು ಸೋಲಿಸಿದ್ದು ಯಾರನ್ನು? ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರನ್ನು! ಮುಂದೆ ಕೇಂದ್ರದಲ್ಲಿ ಮಂತ್ರಿಯೂ ಆದರು. ಜನ ಅವರನ್ನು 'ಬ್ಯಾರೇಜ್ ಸಿದ್ದು' ಎಂದೇ ಕರೆದರು.

ಕೆಲಸಕ್ಕೂ ಓಟು ಬೀಳುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಹಾಗಾದರೆ ಆ ಕೆಲಸವನ್ನು ಸರ್ಕಾರವೇ ಮೊದಲು ಏಕೆ ಮಾಡಲಿಲ್ಲ? ಕಾರಣ ಸರಳ. ಅಡಿಗಲ್ಲು ಹಾಕಿದವನೇ ಉದ್ಘಾಟನೆಯ ದಿನವೂ ಕುರ್ಚಿಯಲ್ಲಿರುತ್ತಾನೆಂಬ ಖಾತ್ರಿ ಇಲ್ಲ. ಐದು ವರ್ಷದ ಕುರ್ಚಿಗೆ ಹತ್ತು ವರ್ಷದ ಕೆಲಸ ಭಾರ!

ಹಗುರಾದ ಕೆಲಸ ಯಾವುದು? ಘೋಷಣೆ. ಜಗದೀಶ ಶೆಟ್ಟರರು 43 ಹೊಸ ತಾಲ್ಲೂಕುಗಳನ್ನು ಘೋಷಿಸಿದ್ದು 2013ರ ಫೆಬ್ರವರಿಯಲ್ಲಿ. ಮತದಾನ ಮೇ ತಿಂಗಳಲ್ಲಿ. ಸಿದ್ದರಾಮಯ್ಯನವರು 49 ತಾಲ್ಲೂಕು ಎಂದದ್ದು 2017ರ ಬಜೆಟ್ಟಿನಲ್ಲಿ. ರಬಕವಿ-ಬನಹಟ್ಟಿ ಜಮಖಂಡಿಯಿಂದ ಬೇರೆಯಾಗಿ ತಾಲ್ಲೂಕಾದದ್ದು 2018ರ ಚುನಾವಣೆಗೆ ಕೆಲವೇ ತಿಂಗಳ ಮುಂಚೆ. ಪಕ್ಷ ಬೇರೆ, ಪಂಚಾಂಗ ಒಂದೇ! ತಾಲ್ಲೂಕು ಬೇಡವೆಂದಲ್ಲ. ನೇಕಾರರ ಊರಿಗೆ ಅದು ಬೇಕೇ ಇತ್ತು. ಆದರೆ ಬೋರ್ಡು ಬರೆಸುವುದು ಒಂದು ದಿನದ ಕೆಲಸ. ಕಚೇರಿ, ಸಿಬ್ಬಂದಿ, ದಾಖಲೆ ತುಂಬುವುದು ವರ್ಷಗಳ ಕೆಲಸ.

ಈಗ ಬೀಳಗಿಯ ಸಂಕಟ. ಆಲಮಟ್ಟಿಯ ಎತ್ತರವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸಲು ನ್ಯಾಯಮಂಡಳಿ ಒಪ್ಪಿದ್ದು 2010ರಲ್ಲಿ. 2013ರ ಜನವರಿಯಲ್ಲಿ, ಚುನಾವಣೆ ಹತ್ತಿರ ಬಂದಾಗ, ಕಾಂಗ್ರೆಸ್ಸಿನವರು ಹೊಸಪೇಟೆಯಿಂದ ಕೂಡಲಸಂಗಮಕ್ಕೆ ಪಾದಯಾತ್ರೆ ಮಾಡಿ, ನೀರಾವರಿಗೆ ವರ್ಷಕ್ಕೆ 10,000 ಕೋಟಿ ಕೊಡುತ್ತೇವೆಂದರು. ಮುಳುಗುವ ಭೂಮಿಗೆ ಎಕರೆಗೆ ನೀರಾವರಿಗಾದರೆ 40 ಲಕ್ಷ, ಒಣಬೇಸಾಯಕ್ಕಾದರೆ 30 ಲಕ್ಷ ಎಂದು ಮಂತ್ರಿಮಂಡಲ ದರ ನಿಗದಿ ಮಾಡಿದ್ದು ಯಾವಾಗ? 2025ರ ಸೆಪ್ಟೆಂಬರಿನಲ್ಲಿ! ನಡುವೆ ಎಲ್ಲ ಪಕ್ಷದವರೂ ಆಳಿದರು. ಅಧಿಸೂಚನೆ ದೆಹಲಿಯಲ್ಲಿ, ವ್ಯಾಜ್ಯ ಸುಪ್ರೀಂ ಕೋರ್ಟಿನಲ್ಲಿ ಸಿಕ್ಕಿಕೊಂಡದ್ದು ನಿಜ. ಆದರೆ ದರ ಹೇಳುವುದು ಬೆಂಗಳೂರಿನ ಕೈಯಲ್ಲೇ ಇತ್ತಲ್ಲ? ಮುಳುಗುವ ಊರು ನಾಲ್ಕು ದಿಕ್ಕಿಗೆ ಚೆದುರುತ್ತದೆ. ಚೆದುರಿದ ಓಟಿಗೆ ಬೆಲೆ ಕಡಿಮೆ. ಇದೇ ಆ ನಿರ್ದಯ ಲೆಕ್ಕ.

ಇನ್ನು ನಿಮ್ಮದೇ ಅನ್ನದ ಮಾತು. ಖಾಸಗಿ ಉದ್ಯಮಗಳಲ್ಲಿ ಸ್ಥಳೀಯರಿಗೆ ಆಡಳಿತ ಹುದ್ದೆಗಳಲ್ಲಿ ನೂರಕ್ಕೆ 50, ಉಳಿದವುಗಳಲ್ಲಿ ನೂರಕ್ಕೆ 70 ಎಂಬ ಮಸೂದೆಗೆ 2024ರ ಜುಲೈ 15ರಂದು ಮಂತ್ರಿಮಂಡಲ ಒಪ್ಪಿತು. ಉದ್ಯಮಿಗಳು ಗುಡುಗಿದರು. ಜುಲೈ 17ಕ್ಕೆ ಮಸೂದೆಗೆ ತಡೆ! ಎರಡೇ ದಿನ! ವಿಧಾನಸಭೆ ಚುನಾವಣೆಗೆ ಆಗ ಇನ್ನೂ ಸುಮಾರು ನಾಲ್ಕು ವರ್ಷ ಬಾಕಿ. ಉದ್ಯಮಿಗಳು ಕೆಲವೇ ಮಂದಿ, ಆದರೆ ಒಂದೇ ದನಿ. ನೀವು ಲಕ್ಷ ಮಂದಿ, ದನಿ ಎಲ್ಲಿ? ನಿಮ್ಮ ಹೆಸರು ಬನಹಟ್ಟಿಯ ಮತದಾರರ ಪಟ್ಟಿಯಲ್ಲಿ, ನಿಮ್ಮ ದುಡಿಮೆ ಬೆಂಗಳೂರು, ಪುಣೆಯಲ್ಲಿ. ಮತದಾನದ ದಿನ ಊರಿಗೆ ಬಾರದವನನ್ನು ಯಾವ ರಾಜಕಾರಣಿ ಎಣಿಸುತ್ತಾನೆ?

ಕಬ್ಬಿನವರನ್ನು ನೋಡಿ. 2025ರ ನವೆಂಬರಿನಲ್ಲಿ ಅವರು ಒಟ್ಟಾಗಿ ರಸ್ತೆಗಿಳಿದರು. ಸರ್ಕಾರ ಟನ್ನಿಗೆ 3,300 ರೂಪಾಯಿ ಎನ್ನಲೇಬೇಕಾಯಿತು. ಆಗ ಯಾವ ವಿಧಾನಸಭಾ ಚುನಾವಣೆ ಇತ್ತು? ಒಗ್ಗಟ್ಟಿದ್ದರೆ ಯಾವ ತಿಂಗಳಾದರೂ ಚುನಾವಣೆಯ ತಿಂಗಳೇ!

ಆದ್ದರಿಂದ ನಿಮಗೆ ಮೂರು ಕೆಲಸ. ಮತ ಇರುವ ಊರಿಗೆ ಬಂದು ಮತ ಹಾಕಿ. ಭರವಸೆ ಕೇಳಿದಾಗ "ಎಷ್ಟು ಹಣ, ಯಾವ ತಾರೀಖು?" ಎಂದು ಕೇಳಿ. ಗೆದ್ದ ಮೊದಲನೇ ವರ್ಷದಲ್ಲೇ, ಹತ್ತು ರೂಪಾಯಿ ಕಟ್ಟಿ, ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಅದೂ ಕನ್ನಡದಲ್ಲಿ. ಬಂದ ಉತ್ತರವನ್ನು ಅದೇ ಚಹಾ ಅಂಗಡಿಯ ಗೋಡೆಗೆ ಅಂಟಿಸಿ.

ನಮ್ಮ ಅಪ್ಪಂದಿರು ಹೊಳೆಗೇ ಅಡ್ಡ ನಿಂತು ನೀರು ನಿಲ್ಲಿಸಿದವರು. ಒಬ್ಬ ಶಾಸಕನ ಎದುರು ನಿಂತು ಲೆಕ್ಕ ಕೇಳಲು ನಿಮಗೇನು ಅಂಜಿಕೆ?

ಸಿರಿಗನ್ನಡಂ ಗೆಲ್ಗೆ!